ಉಡಿ ತುಂಬಿದ ಗ್ಲೈಡರು

ಅಕ್ಟೋಬರ್ ೧೪, ೨೦೨೪, ಸೋಮವಾರ. ಮುರುಮ

ಈ ದಿನಚರಿಯನ್ನು ಯಾರ ಅವಗಾಹನೆಗೂ ಸಲ್ಲಿಸುತ್ತಿಲ್ಲ. ಆದರೂ ಬರಹ ಎಂದ ಮೇಲೆ ಅದಕ್ಕೊಂದು ಕ್ರಮ ಇರತಕ್ಕದ್ದು. ಉಮರ್ಗಾ ತಹಸೀಲಿನ ಜಗುಲಿಯಲ್ಲಿ ಕುಳಿತು ಮೂವತ್ತು ವರ್ಷ ಜನರ ಅರ್ಜಿ ಬರೆದುಕೊಟ್ಟವನು ನಾನು. ನಾನು ಕನ್ನಡದಲ್ಲಿ ಬರೆದ ಅರ್ಜಿಗಳಿಗೆ ಸರ್ಕಾರ ಮರಾಠಿಯಲ್ಲಿ ಉತ್ತರಿಸಿದ್ದುಂಟು. ಉತ್ತರವೇ ಬರಲಿಲ್ಲವೆಂದು ಈ ಸೀಮೆಯಲ್ಲಿ ಯಾರೂ ಹೇಳುವಂತಿಲ್ಲ.

ಪ್ರಸ್ತುತ ನಮೂದಿಸತಕ್ಕ ಸಂಗತಿ ಏನೆಂದರೆ, ನಮ್ಮ ಸೀಮಾ ಗ್ಲೈಡಿಂಗ್ ಕ್ಲಬ್ಬಿಗೆ ಇಂದು ಹೊಸ ಗ್ಲೈಡರು ಬಂದಿತು. ಹಿಂದೊಮ್ಮೆ ಪುಢಾರಿಗಳ ವಿಮಾನ ಇಳಿಯಲೆಂದು ಊರಾಚೆ ಹಾಸಿ, ಎರಡು ಸಲ ಬಳಸಿ, ಆಮೇಲೆ ತೊಗರಿ ಒಣಹಾಕುವ ಕಣವಾಗಿ ಉಳಿದ ಡಾಂಬರು ಪಟ್ಟಿಯ ಮೇಲೆ ಈ ಕ್ಲಬ್ಬು ನಡೆಯುತ್ತದೆ. ಅಧ್ಯಕ್ಷ ನಾನು. ಕಾರ್ಯದರ್ಶಿ ನಮ್ಮ ಬೀಗರಾದ ಕಲ್ಯಾಣಪ್ಪನವರು. ನನ್ನ ಮಗಳನ್ನು ಅವರ ಮಗನಿಗೆ ಕೊಟ್ಟ ದಿನದಿಂದ ಅವರು ತಮ್ಮನ್ನು ನನಗೆ ಸರಿಸಮಾನರೆಂದು ಭಾವಿಸಿಕೊಂಡು ಬಂದಿದ್ದಾರೆ.

ಹಳೆಯ ಗ್ಲೈಡರಿಗೆ ಎರಡು ಆಸನ: ಮುಂದೆ ಕಲಿಯುವವರು, ಹಿಂದೆ ಕಲಿಸುವವರು. ಹೊಸದಕ್ಕೆ ಒಂದೇ. ಎಂಜಿನ್ನು ಎರಡಕ್ಕೂ ಇಲ್ಲ. ಪಟ್ಟಿಯ ಆಚೆ ತುದಿಯಲ್ಲಿರುವ ವಿಂಚ್ ಎಂಬ ಯಂತ್ರ ಉದ್ದನೆಯ ಹಗ್ಗವನ್ನು ಸುತ್ತಿಕೊಳ್ಳುತ್ತ ಗಾಳಿಪಟದಂತೆ ಮೇಲಕ್ಕೆಳೆಯುತ್ತದೆ. ಹಗ್ಗ ಬಿಟ್ಟ ಮೇಲೆ ಗಾಳಿಯೇ ಗತಿ. ಒಂಬತ್ತು ಜನರ ಸಮಿತಿಯು ಒಂದೇ ಆಸನದ ವಾಹನವನ್ನು ಹೇಗೆ ತರಿಸಿತು ಎಂಬ ಪ್ರಶ್ನೆಗೆ ಇಂದಿನ ಸಭೆಯಲ್ಲಿ ಸಮಾಧಾನಕರ ಉತ್ತರ ದೊರೆಯಲಿಲ್ಲ.

"ಖುರ್ಚಿ ಒಂದ ಅದ ಅಂದ್ರ ಅದು ಅಧ್ಯಕ್ಷರದು," ಎಂದು ನಾನು ಸಭೆಯ ಗಮನಕ್ಕೆ ತಂದೆ.

"ಹಂಗಲ್ರಿ ಬೀಗರ," ಎಂದರು ಕಲ್ಯಾಣಪ್ಪ. "ಖುರ್ಚಿ ಒಂದ ಇದ್ರ ಹಾಜರಿ ಪಟ್ಟಿ ಪ್ರಕಾರ ಕುಂದರಬೇಕು. ಕಲ್ಯಾಣಪ್ಪ ಮೊದಲ ಬರ್ತಾನ, ನೀವು ಮನ್ಮಥಪ್ಪ, ಭಾಳ ಹಿಂದ."

ಕ್ಲಬ್ಬಿನ ಶಿಕ್ಷಕಿ ಅನುರಾಧಾ ಉದಗೀರದವರು. ನನ್ನ ಮಗಳ ವಯಸ್ಸು. ಅವರು ಎದ್ದು ನಿಂತು, "ಕಾಕಾ, ಇದು ವೇದಿಕೀ ಮ್ಯಾಲಿನ ಖುರ್ಚಿ ಅಲ್ರಿ," ಎಂದರು. "ಎರಡು ಸೀಟಿಂದ್ರಾಗ ಕಲ್ತು, ಹಿಂದ ನಾ ಇಲ್ದ ಹಾರಿಸಿ ತೋರಿಸಿದವರು ಇದ್ರಾಗ ಕುಂದರ್ತಾರ. ಅಲ್ಲೀತನಕ ಬರೇ ನೋಡ್ರಿ."

ಸದರಿ ಹೆಣ್ಣುಮಗಳ ಮಾತಿನ ಧಾಟಿ ಅಧ್ಯಕ್ಷರನ್ನು ಸಂಬೋಧಿಸುವಂಥದ್ದಲ್ಲ. ಆದಾಗ್ಯೂ ಠರಾವು ಆಯಿತು: ಬರುವ ಗುಡಿಪಾಡವದಂದು (ಯುಗಾದಿಯಂದು) ಶಾಸಕ ಸಾಹೇಬರ ಸಮಕ್ಷಮದಲ್ಲಿ ಏಕಾಸನ ಗ್ಲೈಡರಿನ ಮೊದಲ ಹಾರಾಟವನ್ನು ಅಧ್ಯಕ್ಷರು, ಅಂದರೆ ನಾನು, ನೆರವೇರಿಸತಕ್ಕದ್ದು. ಕಲಿಯುವುದೊಂದು ಬಾಕಿ ಇದೆ.

ಅಕ್ಟೋಬರ್ ೨೦, ಭಾನುವಾರ

ತೂಕದ ತಪಾಸಣೆ. ಏಕಾಸನದೊಳಗೆ ಕೂರುವವರ ತೂಕಕ್ಕೆ ಕೆಳಗೊಂದು ಮಿತಿ, ಮೇಲೊಂದು ಮಿತಿ ಇದೆಯಂತೆ. ಹಗುರಾದರೆ ಸೀಸದ ತುಂಡು ಇಡುತ್ತಾರೆ, ಭಾರವಾದರೆ ಇಳಿಸುತ್ತಾರೆ. ಬೇರೆ ಸಾಧನವಿಲ್ಲದ ಕಾರಣ ಅಡತಿ ಅಂಗಡಿಯಿಂದ ಚೀಲ ತೂಗುವ ಕಾಟಾ ತರಿಸಲಾಯಿತು. ಸಮಿತಿಯ ಗೌರವಾನ್ವಿತರು ಒಬ್ಬೊಬ್ಬರಾಗಿ ಅದನ್ನು ಹತ್ತಿದರು. ಆ ದೃಶ್ಯವನ್ನು ವಿವರಿಸುವುದು ಉಚಿತವಲ್ಲ.

ಕಾಟಾದ ಹಮಾಲನು ಅಭ್ಯಾಸಬಲದಿಂದ, "ಕಲ್ಯಾಣಪ್ಪ ಧಣೇರು, ಕ್ವಿಂಟಲ್ ಮ್ಯಾಲ ಹನ್ನೆರಡು ಕಿಲೋ!" ಎಂದು ಪೇಟೆಗೆಲ್ಲ ಕೇಳುವಂತೆ ಕೂಗಿದನು.

"ಧೋತರದ ವಜನ ಕಳೀರಿ," ಎಂದರು ಬೀಗರು.

"ಧೋತರ ಹನ್ನೆರಡು ಕಿಲೋ ಇರ್ತದೇನ್ರಿ ಮುತ್ಯಾ?" ಎಂದಳು ಪ್ರಾಜಕ್ತಾ. ಈಕೆ ನನಗೂ ಅವರಿಗೂ ಮೊಮ್ಮಗಳು. ಉದಗೀರದ ಕಾಲೇಜಿನಲ್ಲಿ ಓದುತ್ತ, ಭಾನುವಾರ ಇಲ್ಲಿ ಕಲಿಯುತ್ತಾಳೆ.

ನನ್ನ ತೂಕ ಮಿತಿಯೊಳಗೆ ಇದೆ. ಈ ವಿಷಯದಲ್ಲಿ ನಾನು ಬೀಗರ ಎದುರು ಏನೂ ಮಾತಾಡಲಿಲ್ಲ. ಕಾಟಾದಿಂದ ಇಳಿಯುವಾಗ ಸ್ವಲ್ಪ ಸಾವಕಾಶ ಮಾಡಿದೆ, ಅಷ್ಟೆ.

ನವೆಂಬರ್ ೧೦, ಭಾನುವಾರ

ಹಾರಲು ಹೋದ ನನಗೆ ರೆಕ್ಕೆ ಹಿಡಿಯುವ ಕೆಲಸ ಕೊಡಲಾಗಿದೆ. ಕಾರಣ ಕೇಳಲಾಗಿ ತಿಳಿದುಬಂದದ್ದು: ಗ್ಲೈಡರು ಹೊಟ್ಟೆಯ ಕೆಳಗಿನ ಒಂದೇ ಗಾಲಿಯ ಮೇಲೆ ನಿಲ್ಲುತ್ತದೆ. ಹಿಡಿಯದಿದ್ದರೆ ಒಂದು ರೆಕ್ಕೆ ನೆಲಕ್ಕೆ ಬೀಳುತ್ತದೆ. ಹಗ್ಗ ಎಳೆಯತೊಡಗಿದಾಗ ಒಬ್ಬನು ರೆಕ್ಕೆಯ ತುದಿಯನ್ನು ಸಮಕ್ಕೆ ಹಿಡಿದು ಜೊತೆಗೆ ಓಡಿ, ಅದು ತಾನಾಗಿ ತೂಗಿಕೊಂಡ ಕೂಡಲೇ ಬಿಡತಕ್ಕದ್ದು. ಎಳೆಯಬಾರದು, ತಳ್ಳಬಾರದು, ತಡ ಮಾಡಬಾರದು.

ಇನ್ನೊಂದು ನಿಯಮವಿದೆ, ಆಡಳಿತದ ದೃಷ್ಟಿಯಿಂದ ಇದು ಅತ್ಯಂತ ಆಕ್ಷೇಪಾರ್ಹ. ಪಟ್ಟಿಯ ಮೇಲೆ ಯಾರು, ಯಾವಾಗ, ಯಾವ ಸಂಶಯಕ್ಕೆ "ನಿಲ್ಲಿಸ್ರಿ" ಎಂದರೂ ಎಲ್ಲವೂ ನಿಲ್ಲಬೇಕು. ಪೂರ್ವಾನುಮತಿ ಬೇಡ, ಕಾರಣ ಕೊಡುವುದೂ ಬೇಡ.

"ಹಂಗಾದ್ರ ಅಧ್ಯಕ್ಷ ಯಾಕ ಬೇಕು?" ಎಂದು ಕೇಳಿದೆ.

"ಅದನ್ನ ನೀವ ವಿಚಾರ ಮಾಡ್ರಿ ಕಾಕಾ. ಈಗ ರೆಕ್ಕಿ ಹಿಡೀರಿ," ಎಂದರು ಅನುರಾಧಾ.

ಹಿಡಿದು ಓಡಿದೆ. ನನ್ನ ಟೋಪಿ ಬಿದ್ದಿತು. ಬೀಗರು ಅದನ್ನು ಎತ್ತಿಕೊಡುವ ನೆಪದಲ್ಲಿ ಬಹಳ ಹೊತ್ತು ಕೈಯಲ್ಲೇ ಹಿಡಿದು ಎಲ್ಲರಿಗೂ ತೋರಿಸಿದರು.

ಡಿಸೆಂಬರ್ ೮, ಭಾನುವಾರ

ಎರಡಾಸನದ ಗ್ಲೈಡರಿನ ಮುಂದಿನ ಆಸನದಲ್ಲಿ ನಾನು, ಹಿಂದೆ ಅನುರಾಧಾ. ಹಗ್ಗ ಎಳೆಯುತ್ತಿದೆ, ಮೂಗು ಆಕಾಶದ ಕಡೆಗಿದೆ, ಎದುರಿಗೆ ಮೋಡ ಬಿಟ್ಟರೆ ಏನೂ ಕಾಣದು. ಆಗ ಆ ಹೆಣ್ಣುಮಗಳು ಯಾವ ಮುನ್ಸೂಚನೆಯೂ ಇಲ್ಲದೆ ಹಗ್ಗವನ್ನು ಬಿಟ್ಟುಬಿಟ್ಟರು. ಅಕಸ್ಮಾತ್ ಹಗ್ಗ ಹರಿದರೆ ಏನು ಮಾಡಬೇಕೆಂಬುದರ ಪರೀಕ್ಷೆಯಂತೆ.

ಇದು ಯಾರ ಆದೇಶದ ಮೇರೆಗೆ ನಡೆಯಿತೆಂದು ನಾನು ವಿಚಾರಿಸಲು ಆರಂಭಿಸಿದೆ. ವಾಕ್ಯ ಮುಗಿಯುವ ಮೊದಲೇ ಗ್ಲೈಡರು ನಿಶ್ಶಬ್ದವಾಯಿತು. ಗಾಳಿಯ ಸಪ್ಪಳ ನಿಂತಿತು, ಗ್ಲೈಡರನ್ನು ನಡೆಸುವ ಕೋಲು ಕೈಯಲ್ಲಿ ಸಡಿಲವಾಯಿತು. ಹಿಂದಿನಿಂದ ಅವರೇ ಮೂಗನ್ನು ಕೆಳಗೆ ಮಾಡಿದರು.

ಕೆಳಗಿಳಿದ ಮೇಲೆ, "ಕಾಕಾ, ಹಗ್ಗ ಹರೀತು ಅಂದ್ರ ಮೊದಲ ಮೂಗು ಕೆಳಗ. ವೇಗ ಬರ್ಲಿ. ತಕರಾರು ಆಮ್ಯಾಲ," ಎಂದರು. "ಮೂಗು ಮ್ಯಾಲ ಇಟ್ಕೊಂಡ ಮಾತಾಡಿದವರ್ಯಾರೂ ಮಾತು ಮುಗಿಸಿಲ್ಲ."

ನನ್ನ ಅರವತ್ತೇಳು ವರ್ಷದ ಆಯುಷ್ಯದಲ್ಲಿ ನನ್ನ ವಾಕ್ಯವನ್ನು ಯಾರೂ ಹೀಗೆ ಅರ್ಧಕ್ಕೆ ತಡೆದಿರಲಿಲ್ಲ. ನನ್ನ ಹೆಂಡತಿ ಶೇವಂತಾಬಾಯಿಗೆ ಹೇಳಿದಾಗ ಆಕೆ ಅನುರಾಧಾ ಅವರನ್ನು ಊಟಕ್ಕೆ ಕರೆಯಬೇಕೆಂದಳು. ಕಾರಣ ತಿಳಿಯಲಿಲ್ಲ.

ಜನವರಿ ೧೯, ೨೦೨೫, ಭಾನುವಾರ

ಗಾಳಿ ಪೂರ್ವದಿಂದ. ಕುರಿಹಿಂಡು ಪಟ್ಟಿಯ ಮೇಲೆ ಬಂದಿತ್ತು. ಬೀಗರು ಹಾರಾಟ ತೋರಿಸಲೆಂದು ವಲಾಂಡಿಯಿಂದ ನೆಂಟರನ್ನು ಕರೆತಂದಿದ್ದರು. ಕುರಿಗಳೆಲ್ಲ ದಾಟಿದವೆಂದು ಅವರೇ ಅಪ್ಪಣೆ ಕೊಟ್ಟರು. ಒಂದು ಮರಿ ಹುಲ್ಲಿನಲ್ಲಿ ಮಲಗಿತ್ತು. ನಿಲ್ಲಿಸ್ರಿ ಎಂದೆ. ನಿಂತಿತು.

ನೆಂಟರೆದುರು ಮಾನ ಹೋಯಿತೆಂದು ಬೀಗರು ಮಾತು ಬಿಟ್ಟಿದ್ದಾರೆ. ಮರಿಯನ್ನು ಎತ್ತಿಕೊಂಡು ಆಚೆ ಬಿಟ್ಟೆನು. ಉಣ್ಣೆ ಬೆಚ್ಚಗಿತ್ತು.

ಫೆಬ್ರವರಿ ೨೩, ಭಾನುವಾರ

ಅನುರಾಧಾ ಹಿಂದಿನ ಆಸನದಿಂದ ಇಳಿದು, ಖಾಲಿ ಆಸನದ ಬೆಲ್ಟುಗಳನ್ನು ಬಿಗಿದು ಕಟ್ಟಿ, "ಹೋಗಿ ಬರ್ರಿ," ಎಂದರು. ಸಡಿಲ ಬಿಟ್ಟರೆ ಅವು ಹಿಂದಿನ ಕೋಲಿಗೆ ಸಿಕ್ಕಿಕೊಳ್ಳಬಹುದು. ಹೋದೆನು. ಬಂದೆನು.

ಹಿಂದೆ ಯಾರೂ ಇಲ್ಲದಿದ್ದರೂ ಎರಡು ಸಲ ಹಿಂತಿರುಗಿ ನೋಡಿದೆ ಎಂಬುದನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ಮಾರ್ಚ್ ೧೬, ಭಾನುವಾರ

ಈ ತಿಂಗಳೆಲ್ಲ ಶೆಡ್ಡಿನಲ್ಲಿ ನಿಂತ ಏಕಾಸನದೊಳಗೆ ಕುಳಿತು ಕಣ್ಣು ಮುಚ್ಚಿ ತಡವುತ್ತಿದ್ದೇನೆ: ಹಗ್ಗ ಬಿಡುವ ಹಳದಿ ಗುಂಡಿ ಇಲ್ಲಿ, ಬ್ರೇಕಿನ ಹಿಡಿ ಇಲ್ಲಿ, ತಲೆಯ ಮೇಲಿನ ಗಾಜಿನ ಮುಚ್ಚಳದ ಚಿಲಕ ಇಲ್ಲಿ. ಒಳಗೆ ಕಿಸೆಯಲ್ಲಿ ಪೆನ್ನು ಕೂಡ ಇರಬಾರದು. ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಅಂಗಿಯ ಕಿಸೆ ಖಾಲಿ ಇದೆ.

ಇಂದು ಬೀಗರು ಸಾಹೇಬರ ಸ್ವಾಗತಕ್ಕೆಂದು ಪಟ್ಟಿಗೆ ಅಡ್ಡಲಾಗಿ ಕಮಾನು ನಿಲ್ಲಿಸಿದ್ದರು. ಅದರ ಮೇಲೆ ಸಾಹೇಬರ, ಬೀಗರ, ನನ್ನ ಭಾವಚಿತ್ರಗಳು. ಕಮಾನಿನ ಅಗಲ ಗ್ಲೈಡರಿನ ರೆಕ್ಕೆಗಳಿಗಿಂತ ಕಡಿಮೆ.

"ಜರಾ ಅಡ್ಡ ಮಾಡಿ ತೂರಿಸ್ಲಿಕ್ಕೆ ಬರೂದಿಲ್ಲೇನ್ರಿ?" ಎಂದರು.

"ಬೀಗರ, ಇದು ಟಮಟಂ ರಿಕ್ಷಾ ಅಲ್ಲ."

"ನಿಮ್ಮ ಫೋಟೋನೂ ಅದ ನೋಡ್ರಿ ಅದ್ರಾಗ, ನನ್ನಕಿಂತ ದೊಡ್ಡದ ಮಾಡಿಸೀನಿ."

ಕಮಾನು ಕೀಳಿಸಿದೆನು. ನನ್ನ ಭಾವಚಿತ್ರ ಚೆನ್ನಾಗಿ ಬಂದಿತ್ತು.

ಮಾರ್ಚ್ ೨೯, ಶನಿವಾರ

ನಾಳೆ ಪಾಡವ. ಊಟಕ್ಕೆ ಕುಳಿತಾಗ ಶೇವಂತಾಬಾಯಿ, "ನಾಳಿ ಹಿಂದ ಅನುರಾಧಾ ಇರ್ತಾಳಲ್ರಿ?" ಎಂದಳು.

"ಹಿಂದ ಜಾಗಾನ ಇಲ್ಲ."

"ಮತ್ತ ಏನರ ಆಯ್ತಂದ್ರ?"

ಏನಾದರೂ ಆದಲ್ಲಿ ಅನುಸರಿಸತಕ್ಕ ಕ್ರಮವನ್ನು ವಿವರವಾಗಿ ತಿಳಿಸಿದೆ. ಆಕೆ ರೊಟ್ಟಿ ಹಾಕುವುದನ್ನು ಮರೆತು ಕುಳಿತಳು. ತಾಂತ್ರಿಕ ವಿಷಯಗಳು ಆಕೆಗೆ ತಿಳಿಯುವುದಿಲ್ಲ.

ಮಾರ್ಚ್ ೩೦, ಭಾನುವಾರ. ಗುಡಿಪಾಡವ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಗ್ಲೈಡರನ್ನು ಮೂಗಿನಿಂದ ಬಾಲದವರೆಗೆ ನಾನೇ ತಪಾಸಣೆ ಮಾಡಿದೆ. ಎಲ್ಲವೂ ಸರಿ. ಸಾಹೇಬರು ಬರುವುದು ತಡವಾಯಿತು. ಬಂದ ಮೇಲೆ ವೇದಿಕೆಯಲ್ಲಿ ನನಗೆ ಶಾಲು ಹೊದಿಸಿ, ಹಾರ ಹಾಕಿ, ಕೇಸರಿ ಪೇಟಾ ಕಟ್ಟಿದರು. ಅದೇ ಹೊತ್ತಿಗೆ ಅನುರಾಧಾ ಪಟ್ಟಿಯ ಆಚೆ ತುದಿಗೆ ಹೋಗಿದ್ದರು. ಯಾರೋ ವಿಂಚಿನ ಮುಂದೆಯೇ ತೊಗರಿ ಹರವಿದ್ದರು. ಅಂದರೆ ಗ್ಲೈಡರಿನ ಹತ್ತಿರ ತಿಳಿದವರು ಯಾರೂ ಇರಲಿಲ್ಲ, ಬೀಗರು ಇದ್ದರು.

ಭಾಷಣಗಳು ಮುಗಿದವು. ನಾನು ಹೋಗಿ ಒಳಗೆ ಕುಳಿತೆ. ಪೇಟಾ ಇದ್ದರೆ ಮುಚ್ಚಳ ಮುಚ್ಚುವುದಿಲ್ಲ. ಸಾಹೇಬರು ಸ್ವಹಸ್ತದಿಂದ ಕಟ್ಟಿದ್ದನ್ನು ಬಿಚ್ಚಿ ಕೊಟ್ಟೆನು. ಜನ ಗುಜುಗುಜು ಮಾಡಿದರು. ಬ್ಯಾಂಡು ಬಾರಿಸುತ್ತಿತ್ತು. ಬೆಲ್ಟು ಕಟ್ಟಿಕೊಂಡೆ. ಕೋಲನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ಪೂರ್ತಿಯಾಗಿ ಆಡಿಸಿ ನೋಡಿದೆ. ಹಿಂದಕ್ಕೆ ಎಳೆದಾಗ ಕೊನೆಯಲ್ಲಿ ಒಂದಿಷ್ಟು ತಡೆಯಿತು; ಊಟ ಮಾಡುವಾಗ ಅನ್ನದಲ್ಲಿ ಹಲ್ಲಿಗೆ ಕಲ್ಲು ತಾಗಿದ ಹಾಗೆ. ಮತ್ತೊಮ್ಮೆ ಎಳೆದೆ. ತಡೆಯಲಿಲ್ಲ. ಮೂರನೆಯ ಸಲ ತಡೆಯಿತು.

"ಏನ್ ನೋಡ್ಲತ್ತೀರಿ ಬೀಗರ?" ಎಂದು ಕಲ್ಯಾಣಪ್ಪ ಕಿವಿಯ ಹತ್ತಿರ ಬಂದರು. "ಸಾಹೇಬ್ರು ಝೆಂಡಾ ಹಿಡ್ಕೊಂಡು ನಿಂತಾರ!"

"ಕೆಳಗ ಏನೋ ಅದ."

"ಕೆಳಗ ಭೂಮಿ ಅದ! ಹಾರ್ರಿ!"

"ನಿಲ್ಲಿಸ್ರಿ," ಎಂದೆ. ಬ್ಯಾಂಡಿನ ಗದ್ದಲದಲ್ಲಿ ಕೇಳಿಸಲಿಲ್ಲ. ಎರಡೂ ಕೈ ಮೇಲೆತ್ತಿ ಕೂಗಿದೆ. ಬ್ಯಾಂಡು ನಿಂತಿತು.

ಬೆಲ್ಟು ಬಿಚ್ಚಿ ಇಳಿದು ನೋಡಲಾಗಿ, ಆಸನದ ಮಡಿಕೆಯಲ್ಲಿ ಅಕ್ಕಿಯ ಕಾಳುಗಳು. ಅರಿಶಿಣ ಹಚ್ಚಿದ ಅಕ್ಕಿ.

ಹೆಣ್ಣುಮಕ್ಕಳ ಗುಂಪಿನಿಂದ ಶೇವಂತಾಬಾಯಿ ಮುಂದೆ ಬಂದಳು. "ನೀವು ವೇದಿಕೀ ಮ್ಯಾಲ ಇದ್ದಾಗ ಉಡಿ ತುಂಬೀವ್ರಿ," ಎಂದಳು. "ಹೊಸಾದಾಗಿ ಮನಿಗೆ ಬಂದ ಮಗಳ ಹಂಗ ಅಲ್ಲೇನ್ರಿ ಅದು? ಉಡಿ ತುಂಬಿ ಕಳಿಸಿದ ಮಗಳು ಹೊಳ್ಳಿ ಮನಿಗೆ ಬರ್ತಾಳ. ನೀವು ಅದ್ರಾಗ ಇದ್ರಿ, ಅದಕ್ಕ…" ಆಕೆ ಆಸನದ ಕಡೆ ಕೈ ತೋರಿದಳು. "ಕಾಯಿ, ಖಣ ಎಲ್ಲಾ ಹೊಳ್ಳಿ ತಗೊಂಡೀನಿ. ಅರಿಶಿಣ ಕೊಂಬು ಮಾತ್ರ ಸಂದ್ಯಾಗ ಉರುಳಿದ್ವು."

ಆಸನದ ಹಲಗೆ ಬಿಚ್ಚಿಸಿದೆ. ಅಷ್ಟರಲ್ಲಿ ಅನುರಾಧಾ ಓಡಿ ಬಂದರು. ಕೋಲಿನ ಬುಡದಲ್ಲಿ ಒಂದು ಕೊಂಬು, ಅದರಾಚೆ ಎರಡು, ಹಲಗೆಯ ಅಂಚಿನಲ್ಲಿ ಒಂದು. ನಾಲ್ಕು.

"ಎಷ್ಟ ಹಾಕಿದ್ದಿ?"

"ಉಡ್ಯಾಗ ಐದ ಹಾಕ್ತಾರ್ರಿ. ನಾಕ ಯಾರರ ಹಾಕ್ತಾರೇನು?"

ಸಾಹೇಬರು ಗಡಿಯಾರ ನೋಡಿಕೊಂಡು, "ಕಾಯ್ ಝಾಲಂ, ಅಧ್ಯಕ್ಷ? ಏನಾಯ್ತು?" ಎಂದರು. ನಿಲಂಗಾದಲ್ಲಿ ಅವರಿಗೊಂದು ಮದುವೆ ಇತ್ತು.

"ಸಾಹೇಬ್ರ, ಒಂದು ಅರಿಶಿಣ ಕೊಂಬು ಸಿಕ್ಕಿಲ್ರಿ. ಸಿಗೂತನಕ ಹಾರೂದಿಲ್ಲ."

"ಒಂದು ಕೊಂಬು ಏನ್ ಮಾಡ್ತದ್ರೀ?" ಎಂದರು ಬೀಗರು. "ಕೊಂಬಿಗೆ ಅಂಜಿ ಅಧ್ಯಕ್ಷರು ಇಳದ್ರು ಅಂತ ನಾಳಿ ಉಮರ್ಗಾತನಕ ನಗ್ತಾರ! ಇದನ್ನ ಹಾಕಿದವರು ಯಾರು, ಮೊದಲ ಅದನ್ನ ಸಾಹೇಬ್ರಿಗೆ ಹೇಳ್ರಿ!"

"ಕೊನೀ ತಪಾಸಣಿ ನಂದು. ಜಿಮ್ಮೇದಾರಿ ನಂದು."

ಯಾರು ಹಾಕಿದರೆಂಬುದು ತಪಾಸಣೆಗೆ ಸಂಬಂಧಪಡದ ವಿಷಯವಾದ ಕಾರಣ ಹಾಗೆ ಹೇಳಿದೆ. ಬೇರೆ ಉದ್ದೇಶವಿರಲಿಲ್ಲ.

ಸಾಹೇಬರು ಝೆಂಡಾವನ್ನು ಬೀಗರ ಕೈಗೆ ಕೊಟ್ಟು ಗಾಡಿ ಹತ್ತಿದರು. ಧೂಳು ಎದ್ದಿತು. ಮುಚ್ಚಳ ತೆರೆದೇ ಇತ್ತು, ಓಡಿಹೋಗಿ ಮುಚ್ಚಿದೆ.

ಏಪ್ರಿಲ್ ೧, ಮಂಗಳವಾರ

ಸಿಕ್ಕಿತು.

ಬಾಲ ನೆಲಕ್ಕೆ ಊರಿ ನಿಂತಿದ್ದರಿಂದ ಕೊಂಬು ಹೊಟ್ಟೆಯೊಳಗೇ ಉರುಳಿ ಹಿಂದಕ್ಕೆ ಹೋಗಿತ್ತು. ಬಾಲದ ಪಟ್ಟಿಯನ್ನು ಆಡಿಸುವ ಸರಳಿನ ಪಕ್ಕದಲ್ಲಿ ಕುಳಿತಿತ್ತು. ಅನುರಾಧಾ ಬ್ಯಾಟರಿ ಹಿಡಿದು ಒಳಗೆ ತೋರಿಸಿದರು.

"ಕಾಕಾ, ಹಗ್ಗ ಎಳೀವಾಗ ಮೂಗು ಆಕಾಶಕ್ಕ ಇರ್ತದ. ಇದು ಜರಾ ಸರದು ಈ ಸಂದಿಗೆ ಬಿದ್ದಿದ್ರ, ಮೂಗು ಕೆಳಗ ಮಾಡ್ಲಿಕ್ಕೆ ನಿಮ್ಮ ಕೋಲು ಹೋಗ್ತಿದ್ದಿಲ್ರಿ."

ಮನೆಗೆ ತಂದು ತೋರಿಸಿದೆ. ಶೇವಂತಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ತುಂಬಿದ್ದು ತಪ್ಪಲ್ಲ," ಎಂದೆ. "ಹೊಳ್ಳಿ ತಗೋವಾಗ ಎಣಿಸಬೇಕು."

ಏಪ್ರಿಲ್ ೬, ಭಾನುವಾರ

ಗಾಳಿ ಪಶ್ಚಿಮದಿಂದ, ಹದವಾಗಿದೆ. ವಿಂಚಿನ ಹಗ್ಗ ಒಂದು ಕಡೆ ಎಳೆ ಬಿಟ್ಟಿತ್ತು. ಆ ತುಂಡನ್ನು ಕತ್ತರಿಸಿ ಮತ್ತೆ ಜೋಡಿಸಿದೆವು. ಪ್ರಾಜಕ್ತಾ ಎರಡಾಸನವನ್ನು ಒಬ್ಬಳೇ ಚೆನ್ನಾಗಿ ಇಳಿಸಿದಳು. ಕೊನೆಗೆ ಬ್ರೇಕು ಸ್ವಲ್ಪ ಬೇಗ ತೆರೆದಳು, ಹೇಳಿದ್ದೇನೆ. ಮಧ್ಯಾಹ್ನ ಸಮಿತಿಯ ಸಭೆ ಇತ್ತಂತೆ. ಸಾಹೇಬರಿಗೆ ಅವಮಾನವಾದ ಕಾರಣ ನನ್ನನ್ನು ತೆಗೆದು ಬೀಗರನ್ನು ಅಧ್ಯಕ್ಷರನ್ನಾಗಿ ಮಾಡಿದ್ದಾರೆ. ಜೋಡಿಸಿದ ಹಗ್ಗಕ್ಕೆ ಎಣ್ಣೆ ಹಚ್ಚುವುದು ಬಾಕಿ.

ಏಪ್ರಿಲ್ ೧೩, ಭಾನುವಾರ

ಇಂದು ಏಕಾಸನ ಗ್ಲೈಡರಿನ ಮೊದಲ ಹಾರಾಟ ನನ್ನಿಂದ ನೆರವೇರಿತು. ವೇದಿಕೆ ಇರಲಿಲ್ಲ. ಮನೆಯವರಷ್ಟೇ ಇದ್ದರು.

ರೆಕ್ಕೆ ಹಿಡಿಯಲು ಜನ ಸಾಲದೆ ಅನುರಾಧಾ ನೂತನ ಅಧ್ಯಕ್ಷರನ್ನೇ ಕರೆದರು. ಅವರು ಧೋತರದ ಚುಂಗು ಸೊಂಟಕ್ಕೆ ಸಿಗಿಸಿಕೊಂಡು, "ಅಧ್ಯಕ್ಷ ಆಗಿ ಇದ ಮಾಡಬೇಕೇನ್ರಿ?" ಎಂದರು.

"ಅಧ್ಯಕ್ಷರಿಗೆ ಇದೊಂದ ಕೆಲಸ ಇರೂದು, ಕಾಕಾ," ಎಂದರು ಅನುರಾಧಾ.

ಕೋಲು ಪೂರ್ತಿ ಆಡಿತು. ಹಗ್ಗ ಬಿಗಿಯಾಯಿತು. ಬೀಗರು ಓಡಿದರು, ನಾನು ಎಣಿಸಿದ್ದಕ್ಕಿಂತ ಹೆಚ್ಚು ಹೆಜ್ಜೆ ಓಡಿ, ಸರಿಯಾದ ಹೊತ್ತಿಗೆ ಬಿಟ್ಟರು. ಮೇಲೆ ಹೋಗಿ ಹಗ್ಗ ಬಿಟ್ಟೆ. ಮುರುಮದ ಕಡೆ ಉತ್ತ ಕಪ್ಪು ಹೊಲದ ಮೇಲೆ ಗಾಳಿ ಎತ್ತಿತು. ಒಂದು ಹದ್ದು ಪಕ್ಕದಲ್ಲೇ ಸುತ್ತುತ್ತಿತ್ತು. ಸುತ್ತಿದೆ. ಆಮೇಲೆ ಎತ್ತರ ನೋಡಿ, ಗಾಳಿ ನೋಡಿ, ಇಳಿದೆ. ಇಡೀ ಹಾರಾಟದಲ್ಲಿ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ ಮತ್ತು ನನ್ನ ವಯಸ್ಸಿಗೆ ತಕ್ಕ ಮೌನವನ್ನು ಕಾಪಾಡಿದ್ದೇನೆ.

ಗ್ಲೈಡರನ್ನು ದೂಡಿಕೊಂಡು ಬರುವಾಗ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಬೀಗರು ಅಂಗವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ಧೂಳಿಗೆ ಇರಬಹುದು.

"ಮುತ್ಯಾ," ಎಂದಳು ಪ್ರಾಜಕ್ತಾ, "ಕೋಲಿನ ಮ್ಯಾಲ ರೇಡಿಯೋದ ಗುಂಡಿ ಅದಲ್ಲಾ, ಅದನ್ನ ನೀ ಹೆಬ್ಬೆಟ್ಟಿಲೆ ಒತ್ತೇ ಹಿಡದಿದ್ದಿ. ನೀ ಮಾತಾಡಿದ್ದೆಲ್ಲಾ ಇಲ್ಲಿ ಕೆಳಗಿನ ರೇಡಿಯೋದಾಗ ಕೇಳಿಸ್ತು."

"ನಾ ಏನೂ ಮಾತಾಡಿಲ್ಲ."

"'ಹೆದರಬ್ಯಾಡ ಮಗಳ, ನಾ ಇದ್ದೀನಿ' ಅಂದಿ. 'ಸಾವಕಾಶ ನಡಿ, ಅಗೋ ಮನಿ ಕಾಣ್ತದ ನೋಡು, ನಿಮ್ಮವ್ವ ಕೆಳಗ ನಿಂತಾಳ' ಅಂದಿ. ಇಳಿಯೂತನಕ ಅದ ಅಂದಿ."

ಸದರಿ ಮಾತುಗಳನ್ನು ನಾನು ಆಡಿದ ಬಗ್ಗೆ ನನಗೆ ಯಾವ ನೆನಪೂ ಇಲ್ಲ. ಕೇಳಿದೆವೆಂದು ಹೇಳುವವರೆಲ್ಲರೂ ನನ್ನ ಸಂಬಂಧಿಕರು ಅಥವಾ ನನ್ನ ಮೇಲೆ ಮೊದಲಿನಿಂದ ಅಸಮಾಧಾನ ಉಳ್ಳವರು ಆಗಿರುವುದರಿಂದ ಅವರ ಸಾಕ್ಷ್ಯವನ್ನು ಗ್ರಾಹ್ಯವೆಂದು ಪರಿಗಣಿಸಲಾಗದು.

ಶೇವಂತಾಬಾಯಿ ಸಾಕ್ಷಿ ಹೇಳಲಿಲ್ಲ. ಇದನ್ನು ಬರೆಯುತ್ತಿರುವಾಗ, ಕೇಳದೆಯೇ, ಎರಡನೆಯ ಸಲ ಚಹಾ ತಂದಿಟ್ಟು ಹೋದಳು.